ಶಾಮಿಯಾನದ ನೆರಳಿನಲ್ಲಿ ಕೂರಿಸಿದ ಮಕ್ಕಳು

ಡಿಸೆಂಬರ್ ಬಂದಿತೆಂದರೆ ನಮ್ಮ ಧರ್ಮಸಂಸ್ಥೆಗಳು ನಡೆಸುವ ಶಾಲೆಗಳಲ್ಲಿ ವಾರ್ಷಿಕ ಕ್ರೀಡಾಕೂಟದ ಸಂಭ್ರಮ. ಮೈದಾನಕ್ಕೆ ಸುಣ್ಣದ ಗೆರೆ ಬೀಳುತ್ತದೆ, ಶಾಮಿಯಾನ ಏಳುತ್ತದೆ, ಧ್ವನಿವರ್ಧಕದವನು ಬೆಳಗಿನ ಏಳು ಗಂಟೆಗೇ ತನ್ನ ಪರೀಕ್ಷೆ ಆರಂಭಿಸುತ್ತಾನೆ. ಆಡಳಿತ ಮಂಡಳಿಯವರಾದ ನಾವು ಮುಂದಿನ ಸಾಲಿನ ಸೋಫಾಗಳಲ್ಲಿ ಕುಳಿತು ಪಥಸಂಚಲನದ ಗೌರವವಂದನೆ ಸ್ವೀಕರಿಸುತ್ತೇವೆ. ಅದೇ ಶಾಮಿಯಾನದ ಒಂದು ಮೂಲೆಯಲ್ಲಿ, ನಮ್ಮ ಬೆನ್ನ ಹಿಂದೆ, ಮೂರೋ ನಾಲ್ಕೋ ಮಕ್ಕಳು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತಿರುತ್ತಾರೆ. ಒಬ್ಬನ ಕಾಲಿಗೆ ಕ್ಯಾಲಿಪರ್ ಇದೆ. ಒಬ್ಬಳಿಗೆ ಕಿವಿ ಕೇಳಿಸದು. ಮತ್ತೊಬ್ಬನಿಗೆ ಬುದ್ಧಿ ಬೆಳೆಯುವುದು ತುಸು ನಿಧಾನ. ಬಿಸಿಲು ತಾಗದಿರಲೆಂದು ಅವರನ್ನು ನೆರಳಿನಲ್ಲಿ ಕೂರಿಸಿದ್ದೇವೆಂಬುದು ನಮ್ಮ ಸಮಾಧಾನ. ಕೆಲವರು ಅಂದು ಶಾಲೆಗೆ ಬರುವುದೇ ಇಲ್ಲ. ಹಿಂದಿನ ದಿನವೇ ಅವರ ತಾಯಂದಿರಿಗೆ ಶಾಲೆಯಿಂದ ಮಾತು ಹೋಗಿರುತ್ತದೆ: "ನಾಳೆ ಪಾಠ ಏನೂ ಇಲ್ಲ, ಕಳಿಸದಿದ್ರೂ ನಡೆಯುತ್ತೆ ಅಮ್ಮ."

ಇದನ್ನು ಅನ್ಯರ ಮೇಲೆ ದೋಷ ಹೊರಿಸಲು ಬರೆಯುತ್ತಿಲ್ಲ. ನಾನು ಸದಸ್ಯನಾಗಿರುವ ಶಾಲೆಯೊಂದರ ಆಡಳಿತ ಮಂಡಳಿಯಲ್ಲಿ ಇಂತಹ ಮಕ್ಕಳಿಗೆ 'ಕ್ರೀಡೆಯಿಂದ ವಿನಾಯಿತಿ ನೀಡಲಾಗಿದೆ' ಎಂಬ ಠರಾವಿನ ಕರಡನ್ನು ಬರೆದವನು ನಾನೇ. ವಿನಾಯಿತಿಯೆಂಬ ಪದ ಅಂದು ನನಗೆ ಬಹಳ ಸೌಜನ್ಯದ್ದಾಗಿ ತೋರಿತ್ತು. ತೆರಿಗೆಯ ವಿನಾಯಿತಿ ಪಡೆದು ಸಂತೋಷಪಟ್ಟು ರೂಢಿಯಾದ ವ್ಯಾಪಾರಿಗೆ, ವಿನಾಯಿತಿ ಯಾರಿಗಾದರೂ ಶಿಕ್ಷೆಯಾದೀತೆಂಬುದು ಹೊಳೆಯಲಿಲ್ಲ.

ಮಿದುಳಿನ ಪಾರ್ಶ್ವವಾಯುವಿನಿಂದ ಕಾಲುಗಳು ಬಿಗಿದುಕೊಂಡಿರುವ, ವಾಕರ್ ಹಿಡಿದು ನಡೆಯುವ ಬಾಲಕನೊಬ್ಬ ಐದನೆಯ ತರಗತಿಗೆ ನಮ್ಮಲ್ಲಿ ಸೇರಿದ. ಅಕ್ಷರ ಮುದ್ದಾಗಿದ್ದುದರಿಂದ ಕ್ರೀಡಾಕೂಟದ ದಿನ ಅವನನ್ನು ಮೇಜಿನ ಮುಂದೆ ಕೂರಿಸಿ ವಿಜೇತರ ಹೆಸರು ಬರೆಯುವ ಕೆಲಸ ಕೊಟ್ಟರು. ಮೂರು ವರ್ಷ ಅವನು ಪರರ ಗೆಲುವನ್ನು ದುಂಡಗೆ ಬರೆದ. ಆ ವ್ಯವಸ್ಥೆಯನ್ನು ವಾರ್ಷಿಕ ವರದಿಯಲ್ಲಿ ನಾನು ಹೊಗಳಿಯೂ ಇದ್ದೆ. ಮೂರನೆಯ ವರ್ಷ ನಾನು ಮೇಜಿನ ಬಳಿ ನೀರು ಕುಡಿಯಲು ಹೋದಾಗ ಅವನು ಯಾವ ದೂರಿನ ದನಿಯೂ ಇಲ್ಲದೆ ಕೇಳಿದ: "ಸರ್, ನಂದು ಯಾವ ಹೌಸು?"

ನಾನು ರಿಜಿಸ್ಟರ್ ತರಿಸಿ ನೋಡಿದೆ. ಶಾಲೆಯ ಮಕ್ಕಳನ್ನೆಲ್ಲ ಕೆಂಪು, ಹಸಿರು, ನೀಲಿ, ಹಳದಿ ಎಂದು ನಾಲ್ಕು ತಂಡಗಳಾಗಿ ವಿಂಗಡಿಸಲಾಗಿತ್ತು. ಅವನ ಹೆಸರು ಯಾವ ಬಣ್ಣದಲ್ಲಿಯೂ ಇರಲಿಲ್ಲ. ಅಂಕ ತರಲಾರದವನನ್ನು ಯಾವ ತಂಡಕ್ಕೆ ಸೇರಿಸುವುದೆಂದು ಯಾರೋ ಯೋಚಿಸಿ, ಬಿಟ್ಟಿದ್ದರು. ಹಾಜರಿ ಪುಸ್ತಕದಲ್ಲಿ, ಶುಲ್ಕದ ರಶೀದಿಯಲ್ಲಿ, ಪರೀಕ್ಷೆಯ ಪಟ್ಟಿಯಲ್ಲಿ ಇದ್ದ ಹೆಸರು ಇಲ್ಲಿ ಮಾತ್ರ ಇರಲಿಲ್ಲ. ನಿಮ್ಮ ನಿಮ್ಮ ಶಾಲೆಗಳಲ್ಲಿ ಈ ಒಂದು ರಿಜಿಸ್ಟರನ್ನು ತೆಗೆದು ನೋಡಬೇಕೆಂದು ಟ್ರಸ್ಟಿನ ಮಹನೀಯರಲ್ಲಿ ವಿನಂತಿಸುತ್ತೇನೆ. ಉಳಿದ ಚರ್ಚೆ ಆಮೇಲೆ.

ಈ ವಿಷಯವನ್ನು ಸಭೆಯಲ್ಲಿ ಎತ್ತಿದಾಗ ಬಂದ ಮೊದಲ ಉತ್ತರ, "ಆಟವೆಂದ ಮೇಲೆ ನಿಯಮ ಎಲ್ಲರಿಗೂ ಒಂದೇ ಇರಬೇಕು. ಒಬ್ಬನಿಗಾಗಿ ನಿಯಮ ಬದಲಿಸಿದರೆ ಉಳಿದವರಿಗೆ ಅನ್ಯಾಯ" ಎಂಬುದು. ಕೇಳಲು ಬಹು ನ್ಯಾಯಯುತವಾದ ಮಾತು. ಆದರೆ ನಮ್ಮ ಕ್ರೀಡಾಕೂಟದ ಕಾರ್ಯಕ್ರಮಪಟ್ಟಿಯನ್ನೇ ನೋಡಿರಿ. ಚೆನ್ನಾಗಿ ಓಡಬಲ್ಲ ಇಬ್ಬರು ಹುಡುಗರ ಕಾಲುಗಳನ್ನು ಕರವಸ್ತ್ರದಿಂದ ಕಟ್ಟಿ ಓಡಿಸುತ್ತೇವೆ. ಅದು ಮೂರು ಕಾಲಿನ ಓಟ. ಕಾಲುಗಳೆರಡನ್ನೂ ಗೋಣಿಚೀಲದೊಳಗೆ ತೂರಿಸಿ ಕುಪ್ಪಳಿಸುವಂತೆ ಮಾಡುತ್ತೇವೆ. ಅದು ಗೋಣಿಚೀಲದ ಓಟ. ಬಾಯಲ್ಲಿ ಚಮಚ ಕಚ್ಚಿಸಿ, ಅದರ ಮೇಲೆ ನಿಂಬೆಹಣ್ಣು ಇಟ್ಟು, ಕೈ ಬಳಸಕೂಡದೆಂದು ವಿಧಿಸುತ್ತೇವೆ. ಕಣ್ಣಿಗೆ ಬಟ್ಟೆ ಕಟ್ಟಿ ಮಡಕೆ ಒಡೆಸುತ್ತೇವೆ. ಅಂದರೆ ಸದೃಢರಾದ ಮಕ್ಕಳ ಕಾಲು, ಕೈ, ಕಣ್ಣುಗಳನ್ನು ನಾವಾಗಿಯೇ ಕಟ್ಟಿಹಾಕಿ, ಅದಕ್ಕೊಂದು ನಿಯಮ ರಚಿಸಿ, ಗೆದ್ದವರಿಗೆ ಸ್ಟೀಲ್ ಲೋಟ ಕೊಡುವಾಗ ಯಾರೂ ನ್ಯಾಯದ ಪ್ರಶ್ನೆ ಎತ್ತಲಿಲ್ಲ. ಕಾಲು ಮೊದಲೇ ಬಿಗಿದಿರುವ ಮಗುವಿಗೊಂದು ನಿಯಮ ರಚಿಸಿರೆಂದರೆ ಮಾತ್ರ ನಮಗೆ ಕ್ರೀಡಾನ್ಯಾಯ ನೆನಪಿಗೆ ಬರುತ್ತದೆ! ನಿಯಮವೆಂಬುದು ಆಕಾಶದಿಂದ ಇಳಿದದ್ದಲ್ಲ, ಆಡುವವರ ಅನುಕೂಲಕ್ಕೆ ನಾವೇ ಕಟ್ಟಿದ್ದು ಎಂಬುದಕ್ಕೆ ನಮ್ಮ ಗೋಣಿಚೀಲಕ್ಕಿಂತ ದೊಡ್ಡ ಸಾಕ್ಷಿ ಬೇಡ.

ನಾನು ನಾಲ್ಕು ದಶಕಗಳಿಂದ ತಕ್ಕಡಿಯ ಮುಂದೆ ಕುಳಿತವನು. ಗಿರಾಕಿ ಎಣ್ಣೆಗೆ ಡಬ್ಬಿ ತಂದರೆ, ಮೊದಲು ಬರಿಯ ಡಬ್ಬಿಯನ್ನು ತೂಗಿ ಆ ತೂಕವನ್ನು ಕಳೆದು ಆಮೇಲೆ ಎಣ್ಣೆಯ ತೂಕ ಹಿಡಿಯುತ್ತೇವೆ. ಒಬ್ಬನ ಡಬ್ಬಿ ತಗಡಿನದು, ಇನ್ನೊಬ್ಬನದು ಹಿತ್ತಾಳೆಯದು. ಹಿತ್ತಾಳೆಯ ಡಬ್ಬಿಗೆ ಹೆಚ್ಚು ತೂಕ ಕಳೆದುದಕ್ಕೆ ತಗಡಿನ ಡಬ್ಬಿಯವನು ಅನ್ಯಾಯವಾಯಿತೆಂದು ಕೂಗುವುದಿಲ್ಲ. ಕಳೆಯದೆ ತೂಗಿದರೆ ತಾನೆ ಅಂಗಡಿಯವನು ಮೋಸಗಾರ? ಮಗುವಿನ ಪ್ರಯತ್ನವನ್ನು ತೂಗಬೇಕಾದಲ್ಲಿ ಅದರ ದೇಹವನ್ನೂ ಸೇರಿಸಿ ತೂಗುವ ನಾವು, ಅಂಗಡಿಯಲ್ಲಿ ಮಾಡದ ತಪ್ಪನ್ನು ಮೈದಾನದಲ್ಲಿ ಮಾಡುತ್ತಿದ್ದೇವೆ.

ಎರಡನೆಯ ಆಕ್ಷೇಪ ಭಯದ್ದು. "ಬಿದ್ದರೆ ಯಾರು ಹೊಣೆ?" ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕತ್ತಿನ ಮೇಲ್ಭಾಗದ ಎಲುಬುಗಳ ಹಿಡಿತ ಸಡಿಲವಾಗಿರುತ್ತದೆ. ಅಂತಹವರಿಗೆ ಲಾಗ ಹಾಕುವುದು, ಎತ್ತರ ಜಿಗಿತ ಮೊದಲಾದುವು ಅಪಾಯಕರವಾಗಬಹುದು. ಮೂರ್ಛೆರೋಗವಿರುವ ಮಗುವನ್ನು ಕಾವಲಿಲ್ಲದೆ ನೀರಿಗಿಳಿಸಬಾರದು. ಆದರೆ ಇವೆಲ್ಲ ಯಾವ ಆಟ ಬೇಡ ಎಂಬುದಕ್ಕೆ ಕಾರಣಗಳೇ ಹೊರತು ಆಟವೇ ಬೇಡ ಎಂಬುದಕ್ಕಲ್ಲ. ನಾವು ಪೋಷಕರಿಂದ ತರಿಸುವ ವೈದ್ಯರ ಪತ್ರದಲ್ಲಿರುವ ಪ್ರಶ್ನೆಯೇ ತಪ್ಪು. 'ಈ ಮಗು ಕ್ರೀಡೆಯಲ್ಲಿ ಭಾಗವಹಿಸಬಹುದೆ?' ಎಂದು ಕೇಳಿದರೆ ಯಾವ ವೈದ್ಯರೂ ತಮ್ಮ ತಲೆಗೆ ತಂದುಕೊಳ್ಳದೆ 'ವಿಶ್ರಾಂತಿ' ಎಂದು ಬರೆದುಬಿಡುತ್ತಾರೆ. 'ಯಾವ ಚಟುವಟಿಕೆ ಕೂಡದು? ಏನು ಎಚ್ಚರಿಕೆ ಬೇಕು?' ಎಂದು ಕೇಳಿದರೆ ಅರ್ಧ ಪುಟ ಉಪಯುಕ್ತ ಉತ್ತರ ಬರುತ್ತದೆ. ಕಬಡ್ಡಿಯಲ್ಲಿ ಪ್ರತಿ ವರ್ಷ ಯಾರದಾದರೂ ಮೊಣಕೈ ತರಚುತ್ತದೆ. ಅಯೋಡಿನ್ ಹಚ್ಚಿ ಮತ್ತೆ ಆಡಿಸುತ್ತೇವೆ. ತರಚಿಸಿಕೊಳ್ಳುವ ಹಕ್ಕು ಮಾತ್ರ ಕೆಲವರಿಗೆ ಸೀಮಿತವೆ?

ಮೂರನೆಯದು, "ಅವರಿಗೆಂದೇ ಬೇರೆ ಶಾಲೆಗಳಿವೆ, ಡಿಸೆಂಬರ್ ೩ರಂದು ಬೇರೆ ಕೂಟಗಳಿವೆ" ಎಂಬ ಮಾತು. ಇರಲಿ, ಅವೂ ನಡೆಯಲಿ. ಆದರೆ ನಮ್ಮ ಶಾಲೆಗೆ ಸೇರಿಸಿಕೊಂಡ ಮಗುವಿನ ಕ್ರೀಡಾಕೂಟ ನಮ್ಮ ಶಾಲೆಯ ಕ್ರೀಡಾಕೂಟವೇ. ಇದು ಕೇವಲ ನನ್ನ ಅಭಿಪ್ರಾಯವಲ್ಲ. ೨೦೧೬ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ೨೦೧೭ರ ಏಪ್ರಿಲ್ ೧೯ರಿಂದ ಜಾರಿಯಲ್ಲಿದೆ. ಅದರ ೧೬ನೆಯ ಪ್ರಕರಣ, ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಇಂತಹ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಶಿಕ್ಷಣದೊಂದಿಗೆ ಕ್ರೀಡೆ ಮತ್ತು ಮನರಂಜನೆಯ ಅವಕಾಶವನ್ನೂ ಇತರರಿಗೆ ಸಮನಾಗಿ ಒದಗಿಸಬೇಕು ಎಂಬ ಅರ್ಥದಲ್ಲಿ ವಿಧಿಸುತ್ತದೆ. ಅನುದಾನವಿಲ್ಲ, ನಮ್ಮದು ಸ್ವಂತ ಹಣದ ಶಾಲೆಯೆಂದು ಬೀಗುವವರು 'ಮಾನ್ಯತೆ' ಎಂಬ ಪದವನ್ನು ಇನ್ನೊಮ್ಮೆ ಓದಬೇಕು. ೧೯೯೫ರ ಹಿಂದಿನ ಅಧಿನಿಯಮ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಹೆಸರಿಸಿತ್ತು. ೨೦೧೬ರದು ಇಪ್ಪತ್ತೊಂದನ್ನು ಹೆಸರಿಸುತ್ತದೆ. ಆಟಿಸಂ, ಕಲಿಕೆಯ ನ್ಯೂನತೆ, ಹಿಮೋಫಿಲಿಯಾ ಎಲ್ಲವೂ ಅದರಲ್ಲಿವೆ. ಆದುದರಿಂದ 'ನಮ್ಮಲ್ಲಿ ಅಂತಹ ಮಕ್ಕಳೇ ಇಲ್ಲ' ಎನ್ನುವ ಮುಖ್ಯೋಪಾಧ್ಯಾಯರು ತಮ್ಮ ತರಗತಿಗಳನ್ನು ಸರಿಯಾಗಿ ನೋಡಿಲ್ಲವೆಂದೇ ನನ್ನ ಅನುಮಾನ. ಹೆಸರು ಬದಲಿಸುವುದರಲ್ಲಂತೂ ನಾವು ಬಹಳ ಚುರುಕು. ಅಂಗವಿಕಲ ಹೋಗಿ ವಿಕಲಚೇತನ, ಅದು ಹೋಗಿ ವಿಶೇಷಚೇತನ, ಈಗ ದಿವ್ಯಾಂಗ. ಕುರ್ಚಿ ಮಾತ್ರ ಶಾಮಿಯಾನದ ಅದೇ ಮೂಲೆಯಲ್ಲಿದೆ.

ಇಲ್ಲಿ ಕೆಲವು ದಾನಶೀಲ ಮಹನೀಯರಿಗೆ ಬೇಸರವಾಗುವ ಮಾತನ್ನೂ ಹೇಳಬೇಕಾಗಿದೆ. ಕ್ರೀಡಾಕೂಟದ ವೇದಿಕೆಯ ಮೇಲೆ ಮಗುವೊಂದನ್ನು ಕರೆದು, ದಾನಿಯ ಹೆಸರು ಬರೆದ ಗಾಲಿಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಭಾವಚಿತ್ರ ತೆಗೆಸುವ ಪದ್ಧತಿ ಹಲವೆಡೆ ನಡೆದುಬಂದಿದೆ. ಗಾಲಿಕುರ್ಚಿ ಕೊಡುವುದು ಒಳ್ಳೆಯದು, ಕೊಡಿರಿ. ಅದರ ಅಳತೆ ಮಗುವಿಗೆ ಹೊಂದುತ್ತದೆಯೇ ಎಂದು ನೋಡಿ, ಮನೆಗೆ ಕಳುಹಿಸಿರಿ. ನೂರಾರು ಸಹಪಾಠಿಗಳು ಪದಕಕ್ಕಾಗಿ ವೇದಿಕೆ ಏರುವ ದಿನದಂದೇ ಒಂದು ಮಗು ಮಾತ್ರ ದಾನ ಪಡೆಯಲು ವೇದಿಕೆ ಏರಬೇಕೆ? ಇನ್ನೂ ಒಂದಿದೆ. ಕೂಟದ ಕೊನೆಯಲ್ಲಿ, ಅತಿಥಿಗಳು ಕಾಫಿಗೆ ಏಳುವ ಹೊತ್ತಿಗೆ, 'ವಿಶೇಷ ಮಕ್ಕಳ ಓಟ' ಎಂಬುದೊಂದನ್ನು ಇಟ್ಟು, ಓಡಿದವರಿಗೆಲ್ಲ ಒಂದೇ ಬಗೆಯ ಟಿಫಿನ್ ಡಬ್ಬಿ ಹಂಚುತ್ತಾರೆ. ಮಕ್ಕಳು ದಡ್ಡರಲ್ಲ. ಸೋಲಲು ಸಾಧ್ಯವಿಲ್ಲದ ಓಟ ಓಟವಲ್ಲವೆಂದು ಅವರಿಗೆ ಗೊತ್ತು.

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಏರಲಾರದ ಹಿರಿಯರನ್ನು ಡೋಲಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತೊಯ್ಯುವುದನ್ನು ನಾವೆಲ್ಲ ಕಂಡಿದ್ದೇವೆ. ಡೋಲಿಯಲ್ಲಿ ಹೋದವರ ಯಾತ್ರೆ ಯಾತ್ರೆಯಲ್ಲವೆಂದು ಯಾರೂ ಹೇಳಿಲ್ಲ. ದರ್ಶನಕ್ಕೆ ಅದು ಸರಿಯಾದ ಉಪಾಯ, ಏಕೆಂದರೆ ಅಲ್ಲಿ ಮುಖ್ಯವಾದುದು ತಲುಪುವುದು. ಆಟದಲ್ಲಿ ಮುಖ್ಯವಾದುದು ಹತ್ತುವುದು. ಅಲ್ಲಿ ಹೊತ್ತೊಯ್ದರೆ ಆಟವನ್ನೇ ಕಸಿದಂತೆ. ಮೆಟ್ಟಿಲು ತಗ್ಗಿಸಬೇಕು, ಹಿಡಿಗಂಬಿ ಹಾಕಬೇಕು, ಹೊರಬಾರದು.

ಹಾಗಾದರೆ ಏನು ಮಾಡಬೇಕು? ಇದನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ೧೯೪೮ರ ಜುಲೈ ೨೯ರಂದು, ಲಂಡನ್ನಿನಲ್ಲಿ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಅವರು ಬೆನ್ನುಹುರಿಗೆ ಪೆಟ್ಟಾದ ಹದಿನಾರು ಜನರಿಂದ ಗಾಲಿಕುರ್ಚಿಯಲ್ಲಿ ಬಿಲ್ವಿದ್ಯೆಯ ಸ್ಪರ್ಧೆ ಮಾಡಿಸಿದರು. ಅದೇ ಬೆಳೆದು ೧೯೬೦ರಲ್ಲಿ ರೋಮಿನ ಕೂಟವಾಯಿತು, ಇಂದಿನ ಪ್ಯಾರಾಲಿಂಪಿಕ್ಸ್ ಆಯಿತು. ಮುಕ್ಕಾಲು ಶತಮಾನದಿಂದ ಜಗತ್ತು ಕೂಡಿಟ್ಟ ನಿಯಮಗಳು ನಮ್ಮ ದೈಹಿಕ ಶಿಕ್ಷಕರಿಗಾಗಿ ಕಾದು ಕುಳಿತಿವೆ.

ಕಣ್ಣು ಕಾಣದ ಓಟಗಾರರ ಸಂಗತಿಯನ್ನೇ ತೆಗೆದುಕೊಳ್ಳಿ. ಓಟಗಾರನೂ ಮಾರ್ಗದರ್ಶಿಯೂ ಒಂದು ಗೇಣುದ್ದದ ದಾರದ ಎರಡು ತುದಿಗಳನ್ನು ಹಿಡಿದು ಹೆಜ್ಜೆಗೆ ಹೆಜ್ಜೆ ಕೂಡಿಸಿ ಓಡುತ್ತಾರೆ. ಮಾರ್ಗದರ್ಶಿ ಎಳೆಯಬಾರದು, ತಳ್ಳಬಾರದು, ಅಂತಿಮ ಗೆರೆಯನ್ನು ತಾನು ಮೊದಲು ದಾಟಬಾರದು. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಹೀಗೆ ಓಡಿಯೇ ೨೦೧೮ರ ಏಷ್ಯನ್ ಪ್ಯಾರಾ ಕ್ರೀಡಾಕೂಟದ ೧೫೦೦ ಮೀಟರ್ ಓಟದಲ್ಲಿ ಚಿನ್ನ ಗೆದ್ದರು. ಮೂರು ಕಾಲಿನ ಓಟಕ್ಕೆ ಜೋಡಿ ಕಟ್ಟಬಲ್ಲ ಶಾಲೆಗೆ ಒಂದು ದಾರ ಕಷ್ಟವೆ? ಗೋಲ್‌ಬಾಲ್ ಎಂಬ ಆಟದಲ್ಲಿ ತಂಡಕ್ಕೆ ಮೂವರು. ಚೆಂಡಿನೊಳಗೆ ಗೆಜ್ಜೆ, ಅದರ ಸದ್ದನ್ನು ಕೇಳಿಯೇ ತಡೆಯಬೇಕು. ಆಡುವವರೆಲ್ಲರಿಗೂ ಕಣ್ಪಟ್ಟಿ ಕಡ್ಡಾಯವಾದ್ದರಿಂದ, ಸ್ವಲ್ಪ ಕಾಣುವವನಿಗೂ ಏನೂ ಕಾಣದವನಿಗೂ ವ್ಯತ್ಯಾಸವಿಲ್ಲ. ನೋಡುವವರು ಸದ್ದು ಮಾಡಬಾರದು ಎಂಬುದು ನಿಯಮ. ನಮ್ಮ ಧ್ವನಿವರ್ಧಕದವನಿಗೆ ಅರ್ಧ ಗಂಟೆ ವಿಶ್ರಾಂತಿ ಕೊಡಲು ಇದಕ್ಕಿಂತ ಒಳ್ಳೆಯ ನೆಪ ಸಿಗದು.

ಕುಳಿತು ಆಡುವ ವಾಲಿಬಾಲ್ ಇನ್ನೂ ಸುಲಭ. ಬಲೆ ತಗ್ಗಿಸಿ ಎಲ್ಲರೂ ನೆಲಕ್ಕೆ ಕೂತರಾಯಿತು. ಕಾಲಿದ್ದವನ ಕಾಲು ಅಲ್ಲಿ ಕೆಲಸಕ್ಕೆ ಬಾರದು. ಮಿದುಳಿನ ಪಾರ್ಶ್ವವಾಯು ಇರುವವರಿಗಾಗಿ ಬೋಚಿಯಾ ಇದೆ. ಬಿಳಿಯ ಗುರಿಚೆಂಡಿನ ಸಮೀಪಕ್ಕೆ ಆರು ಕೆಂಪು, ಆರು ನೀಲಿ ಚೆಂಡುಗಳನ್ನು ಎರಡು ಕಡೆಯವರು ಉರುಳಿಸುವ ಆಟ ಅದು. ಎಸೆಯಲಾರದವರು ಇಳಿಜಾರಾದ ದೋಣಿಯ ಮೂಲಕ ಚೆಂಡು ಬಿಡಬಹುದು. ಬಟ್ಟೆಯಲ್ಲಿ ಮರಳು ತುಂಬಿ ಹೊಲಿದ ಚೆಂಡು ನಮ್ಮ ಅಂಗಳಕ್ಕೆ ಸಾಕು. ಕಿವಿ ಕೇಳಿಸದವರಿಗೆ ಸೀಟಿಯ ಜೊತೆಗೆ ಬಾವುಟ ಇಳಿಸಿರಿ. ಆಟಿಸಂ ಇರುವ ಮಗುವಿಗೆ ಪಟಾಕಿಯ ಸದ್ದು, ಕಿವಿಗಡಚಿಕ್ಕುವ ಹಾಡು ನಿಜವಾದ ಹಿಂಸೆ; ಅದರ ಓಟವನ್ನು ಬೆಳಗಿನ ಮೊದಲ ಭಾಗದಲ್ಲಿ ಇಟ್ಟು, ಎರಡು ದಿನ ಮುಂಚೆಯೇ ಮೈದಾನ ತೋರಿಸಿ ತರಬೇಕು.

ಅಂಕದ ಪ್ರಶ್ನೆಗೂ ಉತ್ತರವಿದೆ. ೧೯೬೮ರಲ್ಲಿ ಷಿಕಾಗೊದಲ್ಲಿ ಆರಂಭವಾದ ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ಮೊದಲು ಪ್ರತಿಯೊಬ್ಬರ ವೇಗವನ್ನು ಅಳೆದು, ಸಮೀಪದ ವೇಗದವರನ್ನು ಒಂದು ಗುಂಪಿಗೆ ಹಾಕಿ ಸ್ಪರ್ಧಿಸಲು ಬಿಡುತ್ತಾರೆ. ಹಾಗೆ ಮಾಡಿದರೆ ಗೆಲುವೂ ನಿಜ, ಸೋಲೂ ನಿಜ. ಅಭ್ಯಾಸದಲ್ಲಿ ಬೇಕೆಂದೇ ನಿಧಾನವಾಗಿ ಓಡಿ ಸ್ಪರ್ಧೆಯಲ್ಲಿ ಮಿಂಚುವ ಜಾಣರಿಗೆ ಅಲ್ಲಿಯ ನಿಯಮದಲ್ಲಿ ತಡೆಯುಂಟು. ಇಂತಹ ಜಾಣತನ ಈ ಮಕ್ಕಳಲ್ಲಿಯೂ ಇರುತ್ತದೆಂಬುದು ನನಗೇನೋ ಸಂತೋಷದ ವಿಷಯ. ಅವರು ದೇವರ ಮಕ್ಕಳು ಎಂದು ಹೇಳಿ ಪಕ್ಕಕ್ಕಿಡುವವರ ಬಾಯಿ ಅದರಿಂದಲಾದರೂ ಮುಚ್ಚೀತು.

ಖರ್ಚಿನ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಬಿ.ಕಾಂ. ಓದಿದವನು ನಾನು, ಕಳೆದ ಕೂಟದ ವೋಚರುಗಳನ್ನು ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ. ಶಾಲು, ಹಾರ, ಸ್ಮರಣಿಕೆಗಳ ಬಾಬ್ತಿನ ಮುಂದೆ ದಾರ, ಗೆಜ್ಜೆಚೆಂಡು, ಬಾವುಟಗಳ ಬಾಬ್ತು ಕಣ್ಣಿಗೇ ಬೀಳದು.

ಕಳೆದ ವರ್ಷ ನಮ್ಮ ಶಾಲೆಯಲ್ಲಿ ಪ್ರಯತ್ನ ಮಾಡಿದೆವು. ಎಲ್ಲವೂ ಚೆನ್ನಾಗಿ ನಡೆಯಿತೆಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಪ್ರತಿ ಮಗುವಿನ ಹೆಸರೂ ಒಂದು ತಂಡಕ್ಕೆ ಸೇರಿತು. ಆ ಬಾಲಕನಿಗೆ ಹಸಿರು ಬಂತು. ಮಕ್ಕಳನ್ನೂ ಅವರ ತಾಯಿತಂದೆಯರನ್ನೂ ಕರೆದು ಏನು ಆಡಲು ಇಷ್ಟವೆಂದು ಕೇಳಿದೆವು. ನಮ್ಮ ಪಟ್ಟಿಯಲ್ಲಿದ್ದ ಎರಡು ಆಟಗಳನ್ನು ಅವರು ನಿಸ್ಸಂಕೋಚವಾಗಿ ತಳ್ಳಿಹಾಕಿದರು. ಮಿಶ್ರ ರಿಲೇಯಲ್ಲಿ ಪ್ರತಿ ತಂಡದಲ್ಲಿಯೂ ವಿಕಲಚೇತನ ಮಗುವೊಂದು ಇರಬೇಕೆಂದು ನಿಯಮ ಮಾಡಿದ್ದೆವು. ನೀಲಿ ತಂಡದ ದೊಡ್ಡ ಹುಡುಗರು ತಮ್ಮ ಪಾಲಿನ ಹುಡುಗಿಗೆ ಹತ್ತು ಹೆಜ್ಜೆಯ ದೂರವನ್ನು ಮಾತ್ರ ಬಿಟ್ಟು ಉಳಿದುದನ್ನು ತಾವೇ ಓಡಿ ಗೆದ್ದರು. ನಿಯಮದಲ್ಲಿ ದೂರವನ್ನು ನಮೂದಿಸದಿದ್ದುದು ನಮ್ಮ ತಪ್ಪು. ಆ ಹುಡುಗಿಯ ತಾಯಿ ನನ್ನ ಬಳಿಗೆ ಬಂದು, "ಇದಕ್ಕಿಂತ ಕೂತಿದ್ದೇ ವಾಸಿಯಾಗಿತ್ತು ಸರ್" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಮೈದಾನದ ಗೇಟಿನಲ್ಲಿದ್ದ ಮೆಟ್ಟಿಲಿನಿಂದಾಗಿ ಗಾಲಿಕುರ್ಚಿಯೊಂದನ್ನು ಇಬ್ಬರು ಜವಾನರು ಎತ್ತಿ ಇಳಿಸಬೇಕಾಯಿತು. ಶೌಚಾಲಯದ ಬಾಗಿಲಿನಲ್ಲಿ ಅದು ಹಿಡಿಸಲೇ ಇಲ್ಲ. ಇಡೀ ದಿನ ನೀರು ಕುಡಿಯದೆ ಕುಳಿತಿದ್ದ ಆ ಮಗುವಿನ ವಿಷಯ ನಮಗೆ ಗೊತ್ತಾದದ್ದು ಮರುದಿನ.

ವಾಕರ್ ಹಿಡಿದು ಐವತ್ತು ಮೀಟರ್ ಸಾಗುವ ಸ್ಪರ್ಧೆಯಲ್ಲಿ ಮೂವರಿದ್ದರು. ಹೆಚ್ಚುಕಡಿಮೆ ಒಂದೇ ವೇಗದವರು. ಮಧ್ಯಾಹ್ನ ಹನ್ನೊಂದಕ್ಕೆ, ಮುಖ್ಯ ಓಟಗಳ ನಡುವೆಯೇ ಅದನ್ನು ಇಟ್ಟಿದ್ದೆವು. ನಮ್ಮ ಬಾಲಕನಿಗೆ ಎರಡನೆಯ ಸ್ಥಾನ ಬಂತು. ಮೊದಲನೆಯವಳಿಗೂ ಅವನಿಗೂ ಅಂತರ ಬಹಳ ಕಡಿಮೆ. ನಗುವೆನೆಂದು ನಾವು ಹೆದರಿದ್ದ ಮಕ್ಕಳು ಯಾರೂ ನಗಲಿಲ್ಲ. ಹಸಿರು ಮತ್ತು ಹಳದಿ ತಂಡದವರು ಗಂಟಲು ಹರಿಯುವಂತೆ ಕೂಗಿದರು, ಏಕೆಂದರೆ ಅಂಕ ಅವರದಾಗಿತ್ತು. ಬಹುಮಾನ ತೆಗೆದುಕೊಳ್ಳುವ ಮುಂಚೆ ಬಾಲಕನು ದೈಹಿಕ ಶಿಕ್ಷಕರಲ್ಲಿಗೆ ಹೋಗಿ ತಕರಾರು ಎತ್ತಿದ: ಒಂದೇ ಸ್ಟಾಪ್‌ವಾಚಿನಲ್ಲಿ ಮೂವರ ಕಾಲವನ್ನು ಸರಿಯಾಗಿ ಹಿಡಿಯಲು ಆಗಿಲ್ಲ, ಅವಳಿಗೂ ತನಗೂ ಸಮಸಮವಾಗಿತ್ತು, ಮತ್ತೊಮ್ಮೆ ಓಡಿಸಬೇಕು ಎಂದು. ಶಿಕ್ಷಕರು ಒಪ್ಪಲಿಲ್ಲ. ಅವನು ಮುಖ ಗಂಟಿಕ್ಕಿಕೊಂಡೇ ಬೆಳ್ಳಿಯ ಪದಕ ಹಾಕಿಸಿಕೊಂಡ. ವಿಜೇತರ ಹೆಸರು ಬರೆಯುವ ಮೇಜಿನಲ್ಲಿ ಆ ವರ್ಷ ಬೇರೊಬ್ಬ ಹುಡುಗಿ ಇದ್ದಳು. ಅವಳ ಅಕ್ಷರ ಅಷ್ಟೇನೂ ಚೆನ್ನಾಗಿರಲಿಲ್ಲ.

ತಕರಾರಿನಲ್ಲಿ ಹುರುಳಿತ್ತೆಂದು ನನಗೆ ತೋರಿದ್ದರಿಂದ, ಈ ಸಾಲಿನ ಅಂದಾಜು ಪಟ್ಟಿಯಲ್ಲಿ ಇನ್ನೂ ಮೂರು ಸ್ಟಾಪ್‌ವಾಚುಗಳಿಗೆ ಮಂಜೂರಾತಿ ಕೋರಿದ್ದೇನೆ. ರಿಲೇಯಲ್ಲಿ ಪ್ರತಿಯೊಬ್ಬರೂ ಸಾಗಬೇಕಾದ ದೂರವನ್ನು ಮಕ್ಕಳೊಂದಿಗೇ ಕುಳಿತು ನಿಯಮದಲ್ಲಿ ಬರೆದಿದ್ದೇವೆ. ಗೇಟಿನ ಮೆಟ್ಟಿಲು ಒಡೆಸಿ ಇಳಿಜಾರು ಹಾಕಿಸಲು, ಶೌಚಾಲಯದ ಬಾಗಿಲು ಅಗಲಿಸಲು ಮೇಸ್ತ್ರಿಯಿಂದ ಅಂದಾಜು ತರಿಸಲಾಗಿದೆ. ಈ ಎರಡು ಬಾಬ್ತುಗಳು ಮುಂದಿನ ಸಭೆಯಲ್ಲಿ ಬರಲಿವೆ. ಅತಿಥಿಗಳ ಶಾಲಿನ ಬಾಬ್ತನ್ನು ಕಡಿತಗೊಳಿಸುವ ಸಲಹೆಯನ್ನೂ ಅದೇ ಕಾರ್ಯಸೂಚಿಯಲ್ಲಿ ಸೇರಿಸಿದ್ದೇನೆ. ಅದಕ್ಕೆ ವಿರೋಧ ಬರುವುದೆಂದು ಈಗಾಗಲೇ ತಿಳಿದುಬಂದಿದೆ.